ಎಂಟರಿಂದ ಭಾಗಿಸಿದರೆ ಸಾಕಾ?

"ಸಂಜೆಯೊಳಗೆ ಆಗುತ್ತಾ ಸಾರ್?" ಹಳೇ ಕಂಪ್ಯೂಟರ್ ಹೊತ್ತು ತರುವವರೆಲ್ಲ ಮೊದಲು ಕೇಳುವುದು ಇದನ್ನೇ. ಹಳೇ ಯಂತ್ರಗಳಲ್ಲಿರುವ ಫೈಲುಗಳನ್ನು ಹೊರಗೆ ತೆಗೆದುಕೊಡುವುದು ನನ್ನ ಕೆಲಸ. ಡಬ್ಬದ ಮೇಲಿನ ಸ್ಪೀಡು ನೋಡಿ "ಆಗುತ್ತೆ" ಅಂದು, ಮೂರು ದಿನ ಗಿರಾಕಿಯ ಫೋನ್ ಎತ್ತದೆ ತಪ್ಪಿಸಿಕೊಂಡದ್ದೂ ಉಂಟು. ಅದಕ್ಕೇ ಈಗ ಪೆನ್ನು ಹಿಡಿದು ಲೆಕ್ಕ ಹಾಕುತ್ತೇನೆ.

ಒಮ್ಮೆ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರೊಬ್ಬರು ಬಂದರು. ಒಂದು ಹಳೇ ಕಂಪ್ಯೂಟರು, ಅದರಲ್ಲಿ 20 ಜಿಬಿ ಪುಸ್ತಕದ ಫೈಲುಗಳು. ಜೊತೆಗೆ ರಟ್ಟಿನ ಡಬ್ಬದಲ್ಲಿ 300 ಫ್ಲಾಪಿ, ಅದೇ ಹಳೇ ಕಾಲದ ಚೌಕನೆಯ ಡಿಸ್ಕು. ಅವರ ಅಳಿಯ ಆಗಲೇ ಲೆಕ್ಕ ಮುಗಿಸಿಕೊಂಡು ಬಂದಿದ್ದ. ಕಂಪ್ಯೂಟರಿನಲ್ಲಿರುವುದು ಹಳೇ ಯುಎಸ್‌ಬಿ 1.1, ಸೆಕೆಂಡಿಗೆ 12 ಮೆಗಾ. 20 ಜಿಬಿ ಅಂದರೆ 20,000 ಮೆಗಾ, ಅದನ್ನು 12ರಿಂದ ಭಾಗಿಸಿದರೆ ಅರ್ಧ ಗಂಟೆಗೂ ಕಡಿಮೆ, ಅಲ್ವಾ?

ಅಲ್ಲ. ಆ 12 ಮೆಗಾ ಬಿಟ್ಟು, ಬೈಟಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಬಿಟ್ಟಿಗೆ ಸಣ್ಣ ಬಿ, ಬೈಟಿಗೆ ದೊಡ್ಡ ಬಿ. ಎಂಟು ಬಿಟ್ಟಿಗೆ ಒಂದು ಬೈಟು. ಅಲ್ಲಿಗೆ ಸೆಕೆಂಡಿಗೆ 1.5 ಮೆಗಾಬೈಟ್. ಅದೂ ಕಾಗದದ ಮೇಲೆ. ಕೈಗೆ ಸಿಗುವುದು ಒಂದರ ಆಸುಪಾಸು. 20,000 ಸೆಕೆಂಡು ಅಂದರೆ ಐದೂವರೆ ಗಂಟೆ. ನಾನು ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ನೇರವಾಗಿ ಸಿಕ್ಕಿಸಿದೆ. ಅವರು ಕಾಫಿ ಕುಡಿದು ಬರುವಷ್ಟರಲ್ಲಿ ಮುಕ್ಕಾಲು ಪಾಲು ಮುಗಿದಿತ್ತು.

ಎಂಟರಿಂದ ಭಾಗಿಸಬೇಕು ಅನ್ನುವುದು ಬಹಳ ಜನಕ್ಕೆ ಗೊತ್ತು. ಎಲ್ಲ ಕಡೆಯೂ ಎಂಟೇ ಅಂದುಕೊಂಡಾಗ ಎಡವುತ್ತಾರೆ.

ಪೀಣ್ಯದ ಕಡೆ ಹಳೇ ಸಿಎನ್‌ಸಿ ಯಂತ್ರ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ, ಇಟ್ಟುಕೊಂಡಿರುವವರನ್ನು ಕೇಳಿ. ಯಂತ್ರಕ್ಕೆ ಪ್ರೋಗ್ರಾಂ ಕಳಿಸುವ ಆರ್‌ಎಸ್-232 ಕೇಬಲ್ ಅಂದರೆ ಅವರಿಗೆ ಗೊತ್ತು. ಅದರ ಸ್ಪೀಡು ಸೆಕೆಂಡಿಗೆ 9600 ಬಿಟ್ ಅಂತ ಇಟ್ಟಿದ್ದರೆ, ಎಂಟರಿಂದ ಭಾಗಿಸಿ 1200 ಅನ್ನಬೇಡಿ. ಪ್ರತಿ ಅಕ್ಷರದ ಮುಂದೆ ಒಂದು ಸ್ಟಾರ್ಟ್ ಬಿಟ್, ಹಿಂದೆ ಒಂದು ಸ್ಟಾಪ್ ಬಿಟ್ ಹೋಗುತ್ತವೆ. ಒಟ್ಟು ಹತ್ತು. ಹಾಗಾಗಿ ಸೆಕೆಂಡಿಗೆ 960 ಬೈಟು. ಪ್ಯಾರಿಟಿ, ಅಂದರೆ ತಪ್ಪು ಹಿಡಿಯುವ ಬಿಟ್, ಅದರ ಜೊತೆಗೆ ಎರಡು ಸ್ಟಾಪ್ ಬಿಟ್ ಇಟ್ಟಿದ್ದರೆ ಭಾಗಿಸುವ ಸಂಖ್ಯೆ 11 ಅಥವಾ 12 ಕೂಡ ಆಗಬಹುದು. ಸೆಟ್ಟಿಂಗ್ ನೋಡದೆ ಲೆಕ್ಕ ಹಾಕುವಂತಿಲ್ಲ. ಇನ್ನು ಬಾಡ್ ಅನ್ನುವ ಮಾತು, ಸೆಕೆಂಡಿಗೆ ಎಷ್ಟು ಸಲ ಸಂಕೇತ ಬದಲಾಗುತ್ತದೆ ಅನ್ನುವ ಎಣಿಕೆ. ಈ ಕೇಬಲ್ಲಿನಲ್ಲಿ ಬಾಡ್ ಅಂದರೂ ಬಿಟ್ ಅಂದರೂ ಒಂದೇ. ಫೋನ್ ತಂತಿಯಲ್ಲಿ ಡೇಟಾ ಕಳಿಸುವ ಮೋಡೆಮ್‌ನಲ್ಲಿ ಹಾಗಲ್ಲ. 2400 ಬಿಟ್ಟಿನ ಹಳೇ ಮೋಡೆಮ್ ನಿಜಕ್ಕೂ ಓಡುತ್ತಿದ್ದುದು 600 ಬಾಡ್‌ನಲ್ಲಿ. ಒಂದೊಂದು ಸಲಕ್ಕೆ ನಾಲ್ಕು ಬಿಟ್ ಹೊರುತ್ತಿತ್ತು, ಅಷ್ಟೇ.

ಈಗ ಫ್ಲಾಪಿಗೆ ಬರೋಣ. ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. ಅದರ ಮೇಲಿನ 1.44 ಎಂಬಿ ಅನ್ನುವುದೇ ಬೆರಕೆ ಅಂಕಿ. 1440ನ್ನು 1024ರಿಂದ ಗುಣಿಸಿದ್ದು, ಅಂದರೆ 14,74,560 ಬೈಟು. ಸಾವಿರದ ಲೆಕ್ಕವೂ ಅಲ್ಲ, 1024ರ ಲೆಕ್ಕವೂ ಅಲ್ಲ, ಎರಡನ್ನೂ ಕಲಸಿದ್ದು. ಡ್ರೈವಿನ ಸ್ಪೀಡು ಸೆಕೆಂಡಿಗೆ 500 ಕಿಲೋಬಿಟ್. ಎಂಟರಿಂದ ಭಾಗಿಸಿದರೆ 62,500 ಬೈಟು. ಆದರೆ ಸಿಗುವುದು ಅಷ್ಟಲ್ಲ. ಡಿಸ್ಕು ನಿಮಿಷಕ್ಕೆ 300 ಸುತ್ತು ತಿರುಗುತ್ತದೆ, ಸೆಕೆಂಡಿಗೆ ಐದು. ಒಂದು ಸುತ್ತಿನಲ್ಲಿ 18 ಸೆಕ್ಟರ್, ಅಂದರೆ ತುಂಡು, ಒಂದೊಂದರಲ್ಲಿ 512 ಬೈಟು. ಗುಣಿಸಿ ನೋಡಿ, ಸೆಕೆಂಡಿಗೆ 46,080. ಮಿಕ್ಕದ್ದೆಲ್ಲ ಸೆಕ್ಟರುಗಳ ನಡುವಿನ ಖಾಲಿ ಜಾಗಕ್ಕೆ, ಅವುಗಳ ಗುರುತಿಗೆ ಹೋಯಿತು. ಎರಡೂ ಬದಿ ಸೇರಿ 160 ಟ್ರ್ಯಾಕು, ಅಂದರೆ ಸುತ್ತುಗೆರೆ. ಒಂದಕ್ಕೆ ಒಂದು ಸುತ್ತು ಅಂದರೂ 32 ಸೆಕೆಂಡು. ಓದುವ ಹೆಡ್ಡು ಸರಿಯಬೇಕು, ಫ್ಲಾಪಿ ತೆಗೆದು ಹಾಕಬೇಕು. ಒಂದಕ್ಕೆ ಒಂದು ನಿಮಿಷ ಅಂತಲೇ ಹಿಡಿಯುತ್ತೇನೆ.

ನಿಧಾನ ಅನ್ನಿಸುತ್ತಾ? 46,080ನ್ನು 960ರಿಂದ ಭಾಗಿಸಿ. ಆ ಸಿಎನ್‌ಸಿ ಕೇಬಲ್ಲಿಗಿಂತ ಸರಿಯಾಗಿ 48 ಪಟ್ಟು ಜೋರು. ಒಂದು ಫ್ಲಾಪಿ ತುಂಬುವ ಪ್ರೋಗ್ರಾಂ ಆ ಕೇಬಲ್ಲಿನಲ್ಲಿ ಹೋಗಲು ಇಪ್ಪತ್ತೈದೂವರೆ ನಿಮಿಷ ಬೇಕು. ಆಫೀಸಿನಿಂದ ಯಂತ್ರದವರೆಗೆ ಫ್ಲಾಪಿ ಜೇಬಿನಲ್ಲಿಟ್ಟುಕೊಂಡು ನಡೆದುಹೋದವನೇ ಗೆದ್ದ.

ಸಿಡಿ ಡ್ರೈವಿನ ಸ್ಪೀಡು ಬರೆಯುವಾಗ ಬಿಟ್ಟೂ ಇಲ್ಲ, ಬೈಟೂ ಇಲ್ಲ, ಬರೀ ಎಕ್ಸ್. ಸಿಡಿಯ ಒಂದು ಎಕ್ಸ್ ಅಂದರೆ ಸೆಕೆಂಡಿಗೆ 75 ಸೆಕ್ಟರ್, ತಲಾ 2048 ಬೈಟು, ಒಟ್ಟು 1,53,600. ಡಿವಿಡಿಯ ಒಂದು ಎಕ್ಸ್ ಇದರ ಒಂಬತ್ತರಷ್ಟು. ಹಾಗಾಗಿ 16 ಎಕ್ಸ್ ಡಿವಿಡಿ, 52 ಎಕ್ಸ್ ಸಿಡಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಜೋರು. ಸೇರಿನ ಅಳತೆಯ ಹಾಗೆ ಇದು. ಒಂದು ಸೇರು ಅಕ್ಕಿಯ ತೂಕವೇ ಬೇರೆ, ಒಂದು ಸೇರು ಮಂಡಕ್ಕಿಯ ತೂಕವೇ ಬೇರೆ. ಇನ್ನೊಂದು ಮಾತು, 52 ಎಕ್ಸ್ ಸಿಗುವುದು ಸಿಡಿಯ ಹೊರ ಅಂಚಿನಲ್ಲಿ ಮಾತ್ರ. ಸಿಡಿ ತುಂಬುವುದು ಒಳಗಿನಿಂದ. ಅರ್ಧ ತುಂಬಿದ ಸಿಡಿ ಆ ಸ್ಪೀಡನ್ನು ಮುಟ್ಟುವುದೇ ಇಲ್ಲ.

ಐಡಿಇ, ಅಂದರೆ ಅಗಲ ಪಟ್ಟಿ ಕೇಬಲ್ಲಿನ ಹಳೇ ಹಾರ್ಡ್ ಡಿಸ್ಕಿನ ಸ್ಪೀಡುಗಳಾದ 33, 66, 100, 133 ಆಗಲೇ ಮೆಗಾಬೈಟಿನಲ್ಲಿವೆ. ಭಾಗಿಸಲೇಬೇಡಿ. ಆದರೆ ಅದು ದಾರಿಯ ಅಗಲ, ಗಾಡಿಯ ಓಟ ಅಲ್ಲ. 40 ತಂತಿಯ ಹಳೇ ಕೇಬಲ್ ಹಾಕಿದರೆ 33ಕ್ಕೇ ನಿಲ್ಲುತ್ತದೆ. 66ರಿಂದ ಮೇಲಕ್ಕೆ 80 ತಂತಿಯದೇ ಬೇಕು. ಐಡಿಇ ನಂತರ ಬಂದ ಸಾಟಾದಲ್ಲಿ ಮತ್ತೆ ಭಾಗಾಕಾರ, ಈ ಸಲ ಹತ್ತರಿಂದ. ಎಂಟು ಬಿಟ್ಟನ್ನು ಹತ್ತು ಮಾಡಿ ಕಳಿಸುತ್ತದೆ, ಹಾಗಾಗಿ 1.5 ಗಿಗಾಬಿಟ್ ಅಂದರೆ 150 ಮೆಗಾಬೈಟ್.

ಪ್ರೆಸ್ಸಿನವರ 300 ಫ್ಲಾಪಿಗೆ ಲೆಕ್ಕದ ಪ್ರಕಾರ ಐದು ಗಂಟೆ. ಬೂಸ್ಟು ಹಿಡಿದವು, ಓದಲು ಮತ್ತೆಮತ್ತೆ ತಿಣುಕಿದವು ಇದ್ದೇ ಇರುತ್ತವೆ ಅಂತ ಎರಡು ದಿನ ಕೇಳಿದ್ದೆ. ಸರಿಯಾಗಿ ಎರಡೇ ದಿನ ಆಯಿತು. ಎಲ್ಲ ಸೇರಿ ಅರ್ಧ ಜಿಬಿಯೂ ಇರಲಿಲ್ಲ. ಅವರ ಎದುರಿಗೇ ಪೆನ್ ಡ್ರೈವಿಗೆ ಹಾಕಿದೆ, ಒಂದು ನಿಮಿಷವೂ ಹಿಡಿಯಲಿಲ್ಲ. ಅವರು ನನ್ನ ಬಿಲ್ಲನ್ನೂ ಪೆನ್ ಡ್ರೈವನ್ನೂ ಒಮ್ಮೆ ನೋಡಿ, "ಇಷ್ಟಕ್ಕೆ ಎರಡು ದಿನಾನಾ ಸಾರ್?" ಅಂದರು.