24 ಲಕ್ಷ ವರ್ಷದ ಡಿಸ್ಕ್: ಮಾರ್ಕೋವ್ ಚಿತ್ರದಲ್ಲಿ ಬಿಟ್ಟುಹೋದ ಬಾಣ

ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಒಂದೇ ಡೇಟಾ ಇಟ್ಟರೆ ಅದು ಎಷ್ಟು ಕಾಲ ಭದ್ರ? ಪಠ್ಯಪುಸ್ತಕದ ರೀತಿಯಲ್ಲಿ ಲೆಕ್ಕ ಹಾಕಿದರೆ ಸುಮಾರು 24 ಲಕ್ಷ ವರ್ಷ ಅಂತ ಬರುತ್ತದೆ. ಡೇಟಾ ಕಳಕೊಂಡವರಿಗೆ ಈ ಉತ್ತರ ನೋಡಿ ಸಿಟ್ಟು ಬರುವುದು ಸಹಜ.

ಈ ಲೆಕ್ಕದ ಬೇರು ಹಳೆಯದು. ಮುಂದೇನು ಅಂತ ಹೇಳಲು ಈಗಿನ ಸ್ಥಿತಿ ಗೊತ್ತಿದ್ದರೆ ಸಾಕು, ಹಿಂದಿನ ಕಥೆ ಬೇಡ ಎಂಬ ಯೋಚನೆಯನ್ನು 1906ರಲ್ಲಿ ಮುಂದಿಟ್ಟವರು ರಷ್ಯಾದ ಗಣಿತಜ್ಞ ಆಂದ್ರೇ ಮಾರ್ಕೋವ್. 1931ರಲ್ಲಿ ಅದೇ ದೇಶದ ಗಣಿತಜ್ಞ ಕೊಲ್ಮೊಗೊರೊವ್ ಅದನ್ನು ನಿರಂತರ ಕಾಲಕ್ಕೆ, ಅಂದರೆ ಬದಲಾವಣೆ ಯಾವ ಕ್ಷಣದಲ್ಲಾದರೂ ಆಗಬಹುದಾದ ಸಂದರ್ಭಕ್ಕೆ, ಹೊಂದಿಸಿದರು. ಆಮೇಲಿನ ಅರ್ಧ ಶತಮಾನದಲ್ಲಿ ಅದು ಎಂಜಿನಿಯರುಗಳ ದಿನಬಳಕೆಯ ಸಾಧನವಾಯಿತು.

ಈ ಲೆಕ್ಕ ಸಾಫ್ಟ್‌ವೇರಿಗೆ ಇಳಿದದ್ದು ವಿಮಾನಗಳ ಒತ್ತಡದಿಂದ. ಹಾರಾಟ ನಿಯಂತ್ರಿಸುವ ಕಂಪ್ಯೂಟರ್ 10 ಗಂಟೆಯ ಪಯಣದಲ್ಲಿ ಕೈಕೊಡುವ ಸಾಧ್ಯತೆ ನೂರು ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು ಎಂಬುದು ನಾಸಾದ ಗುರಿ. ಇದನ್ನು ಹಾರಿಸಿ ನೋಡಿ ಸಾಬೀತು ಮಾಡಲು ಆಗುವುದೇ ಇಲ್ಲ. ಒಂದೊಂದು ಸ್ಥಿತಿಗೂ ಒಂದು ವೃತ್ತ, ಒಂದರಿಂದ ಇನ್ನೊಂದಕ್ಕೆ ಬಾಣ ಹಾಕಿ ಚಿತ್ರ ಬರೆದು ಲೆಕ್ಕ ಹಾಕಬೇಕು. ಆದರೆ ಕೆಡಬಹುದಾದ ಭಾಗಗಳು 20 ಇದ್ದರೆ, ಪ್ರತಿಯೊಂದೂ ಸರಿ ಇರಬಹುದು ಇಲ್ಲವೇ ಕೆಟ್ಟಿರಬಹುದು, ಹಾಗಾಗಿ ಸ್ಥಿತಿಗಳು 10 ಲಕ್ಷ ದಾಟುತ್ತವೆ. ಕೈಯಲ್ಲಿ ಬರೆಯುವ ಮಾತಲ್ಲ. ಹಾಗಾಗಿ 1980ರ ದಶಕದಲ್ಲಿ ನಾಸಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದಲ್ಲಿ 'ಶ್ಯೂರ್', ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕಿಶೋರ್ ತ್ರಿವೇದಿ ಅವರ ತಂಡದಿಂದ 'ಶಾರ್ಪ್' ತರಹದ ತಂತ್ರಾಂಶಗಳು ಬಂದವು.

1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಅವರು ರೇಡ್ (ಹಲವು ಡಿಸ್ಕ್‌ಗಳನ್ನು ಜೋಡಿಸಿ, ಒಂದು ಕೆಟ್ಟರೂ ಡೇಟಾ ಉಳಿಸುವ ವಿಧಾನ) ಬಗ್ಗೆ ಬರೆದ ಮೇಲೆ ಇದೇ ಲೆಕ್ಕ ಡಿಸ್ಕ್‌ಗಳಿಗೂ ಅಂಟಿಕೊಂಡಿತು. ಗೋಜಲು ಶುರುವಾದದ್ದು ಇಲ್ಲಿ.

ಒಮ್ಮೆ ಬರೆದೇ ನೋಡೋಣ. ಮೂರು ವೃತ್ತ: ಎರಡೂ ಡಿಸ್ಕ್ ಸರಿ ಇವೆ, ಒಂದು ಕೆಟ್ಟಿದೆ, ಎರಡೂ ಹೋಗಿವೆ. ಒಂದರಿಂದ ಮುಂದಿನದಕ್ಕೆ ಬಾಣ, ಬಾಣದ ಮೇಲೆ ಕೆಡುವ ದರ. ನಡುವಿನಿಂದ ಹಿಂದಕ್ಕೆ ರಿಪೇರಿಯ ಬಾಣ. ಡಿಸ್ಕ್ ಸರಾಸರಿ 10 ಲಕ್ಷ ಗಂಟೆಗೊಮ್ಮೆ ಕೆಡುತ್ತದೆ, ಬದಲಿಸಲು 24 ಗಂಟೆ ಬೇಕು ಅಂತಿಟ್ಟುಕೊಳ್ಳಿ. ಆ 24 ಗಂಟೆಯೊಳಗೆ ಎರಡನೆಯದೂ ಕೆಟ್ಟರೆ ಮಾತ್ರ ಡೇಟಾ ಹೋಗುತ್ತದೆ. ಅದು ಎಷ್ಟು ಅಪರೂಪ ಅಂದರೆ ಉತ್ತರ 24 ಲಕ್ಷ ವರ್ಷ.

ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಈ ಚಿತ್ರಕ್ಕೆ ಹೊಸ ಡಿಸ್ಕೂ ಒಂದೇ, ಐದು ವರ್ಷ ಓಡಿದ ಡಿಸ್ಕೂ ಒಂದೇ. ಎರಡೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಕರೆಂಟಿನಲ್ಲಿ, ಒಂದೇ ಬ್ಯಾಚಿನಿಂದ ಬಂದವು ಅನ್ನುವುದೂ ಅದಕ್ಕೆ ಗೊತ್ತಿಲ್ಲ. ಈಗ ಮೊದಲ ವೃತ್ತದಿಂದ ಕೊನೆಯದಕ್ಕೆ ನೇರವಾಗಿ ಇನ್ನೊಂದು ಬಾಣ ಎಳೆಯಿರಿ. ಒಂದು ಡಿಸ್ಕ್ ಕೆಡುವ ದರದ ಶೇ. 1ರಷ್ಟು ಮಾತ್ರ ಎರಡೂ ಒಟ್ಟಿಗೆ ಹೋಗುತ್ತವೆ ಅಂತಿಡಿ. 24 ಲಕ್ಷ ವರ್ಷ ಧಡಕ್ಕನೆ 11 ಸಾವಿರಕ್ಕೆ ಇಳಿಯುತ್ತದೆ. ಒಂದೇ ಒಂದು ಬಾಣದಿಂದ! ಈ ಬಾಣವಿಲ್ಲದ ಉತ್ತರವನ್ನು ನಂಬುವುದಕ್ಕಿಂತ ಲೆಕ್ಕ ಹಾಕದೇ ಇರುವುದೇ ವಾಸಿ ಅನಿಸುತ್ತದೆ ನನಗೆ.

ಬಾಣದ ಮೇಲೆ ಹಾಕುವ ದರವೂ ಕೈಕೊಟ್ಟಿತು. 2007ರಲ್ಲಿ ಸಂಶೋಧಕಿ ಶ್ರೋಡರ್ ಮತ್ತು ಅದೇ ಗಿಬ್ಸನ್ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆ ನೋಡಿದರು. ಕಂಪನಿಗಳ ಕಾಗದದ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ ಶೇ. 0.88 ಕೆಡಬೇಕು. ನಿಜವಾಗಿ ಶೇ. 2ರಿಂದ 4 ಬದಲಿಸುವುದು ಸಾಮಾನ್ಯವಾಗಿತ್ತು, ಕೆಲವು ಕಡೆ ಶೇ. 13. ವಯಸ್ಸಾದಂತೆ ದರ ಏರುತ್ತಲೇ ಹೋಗಿತ್ತು.

2010ರ ಹೊತ್ತಿಗೆ ಈ ವಿಧಾನವೇ ಅರ್ಥಹೀನ ಅನ್ನುವ ಸಂಶೋಧಕರೂ ಬಂದರು. ಅಷ್ಟು ದೂರ ಹೋಗಬೇಕಿಲ್ಲ, ಅಲ್ವಾ? ಅದೇ ವರ್ಷ ಗೂಗಲ್ ತನ್ನ ಸ್ಟೋರೇಜ್ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಮಾರ್ಕೋವ್ ಮಾದರಿಯೇ ಇತ್ತು. ಆದರೆ ಹಲವು ಯಂತ್ರಗಳು ಒಟ್ಟೊಟ್ಟಿಗೆ ಬೀಳುವುದನ್ನು ಮೊದಲು ಅಳೆದು, ಆ ಬಾಣಗಳನ್ನೂ ಚಿತ್ರದೊಳಗೆ ಸೇರಿಸಿದ್ದರು.