ಸೋದರಮಾವನಿಲ್ಲದ ಮಂಟಪ

ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರಿನಲ್ಲಿ ಗ್ನೋಮ್ ಇಲ್ಲ, ಕೆಡಿಇ ಇಲ್ಲ, ಮೆನು, ಐಕಾನ್ ಒದಗಿಸುವ ಅಂಥ ಯಾವ ಡೆಸ್ಕ್‌ಟಾಪೂ ಇಲ್ಲ, ಫೈರ್‌ಫಾಕ್ಸ್ ಬ್ರೌಸರ್ ಮಾತ್ರ ಓಡುತ್ತಿದೆ ಎಂದರೆ ಬಲ್ಲವರೂ ನಂಬುವುದಿಲ್ಲ. ಡೆಸ್ಕ್‌ಟಾಪ್ ನೆಲ, ಬ್ರೌಸರ್ ಅದರ ಮೇಲೆ ನೆಟ್ಟ ಕಂಬ ಎಂಬುದು ಅವರ ಲೆಕ್ಕ.

ಇಸವಿಗಳನ್ನಾದರೂ ನೋಡಬಾರದೆ? ಜನರನ್ನು ಜಾಲಕ್ಕೆ ಎಳೆತಂದ ಮೊಸಾಯಿಕ್ ಬ್ರೌಸರ್ 1993ರಲ್ಲಿ ಮೊದಲು ಕಾಣಿಸಿಕೊಂಡದ್ದು ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಯಂತ್ರಗಳಲ್ಲಿ, ಪರದೆಯ ಮೇಲೆ ವಿಂಡೋಗಳನ್ನು ಬಿಡಿಸುವ ‘ಎಕ್ಸ್ ವಿಂಡೋ’ ವ್ಯವಸ್ಥೆಯಲ್ಲಿ. ಕೆಡಿಇ ಯೋಜನೆ ಹುಟ್ಟಿದ್ದು 1996ರಲ್ಲಿ, ಗ್ನೋಮ್ 1997ರಲ್ಲಿ. ತಮ್ಮನಿಲ್ಲದೆ ಅಕ್ಕ ಹುಟ್ಟಿದ್ದು ಹೇಗೆ ಎಂದು ಕೇಳಿದಂತಾಯಿತು! ಎಕ್ಸ್ ಇನ್ನೂ ಹಿರಿಯದು. 1984ರಲ್ಲಿ ಎಂಐಟಿಯ ರಾಬರ್ಟ್ ಶೈಫ್ಲರ್, ಸ್ಟ್ಯಾನ್‌ಫರ್ಡ್‌ನಿಂದ ಬಂದ ‘ಡಬ್ಲ್ಯೂ’ ಎಂಬ ವ್ಯವಸ್ಥೆಯನ್ನು ತಿದ್ದಿ ಕಟ್ಟಿದರು. ಡಬ್ಲ್ಯೂ ಆದ ಮೇಲೆ ಎಕ್ಸ್. ಹೆಸರಿನ ಗುಟ್ಟು ಇಷ್ಟೇ. ನಾವು ಇಂದಿಗೂ ಬಳಸುವ 11ನೆಯ ಆವೃತ್ತಿ 1987ರದು.

ಎಕ್ಸ್ ಸರ್ವರ್ ಮಾಡುವುದು ಮುಖ್ಯವಾಗಿ ಎರಡು ಕೆಲಸ. ಹೇಳಿದ ಜಾಗದಲ್ಲಿ ಹೇಳಿದ್ದನ್ನು ಬಿಡಿಸುತ್ತದೆ. ಯಾವ ಕೀಲಿ ಒತ್ತಿದಿರಿ, ಮೌಸ್ ಎಲ್ಲಿಗೆ ಸರಿಯಿತು ಎಂಬುದನ್ನು ತಿಳಿಸುತ್ತದೆ. ಹೇಳುವವರು ಯಾರೆಂದು ಅದು ಕೇಳುವುದಿಲ್ಲ. ಬ್ರೌಸರ್ ಅದಕ್ಕೊಂದು ಗಿರಾಕಿ. ವಿಂಡೋ ಮ್ಯಾನೇಜರ್ ಕೂಡ ಗಿರಾಕಿಯೇ, ಆದರೆ ಉಳಿದವರಿಗೆ ಜಾಗ ಹಂಚುವ ಅಧಿಕಾರ ಪಡೆದ ಗಿರಾಕಿ. ಮದುವೆ ಮನೆಯನ್ನು ನೆನೆಸಿಕೊಳ್ಳಿ: ಎಕ್ಸ್ ಎಂದರೆ ಬಾಡಿಗೆ ಮಂಟಪ, ಯಾರು ಎಲ್ಲಿ ಕೂರಬೇಕೆಂದು ಓಡಾಡುವ ಸೋದರಮಾವನೇ ವಿಂಡೋ ಮ್ಯಾನೇಜರ್, ಹೂವು, ವಾಲಗ, ವಿಡಿಯೊ ಎಲ್ಲ ಸೇರಿದ ಗುತ್ತಿಗೆ ಡೆಸ್ಕ್‌ಟಾಪ್. ಬರುವ ನೆಂಟ ಒಬ್ಬನೇ ಆದರೆ ಇವರೆಲ್ಲ ಯಾಕೆ?

ಎಕ್ಸ್ ಅನ್ನು ಶುರುಮಾಡುವ ‘ಸ್ಟಾರ್ಟ್‌ಎಕ್ಸ್’ ಆದೇಶ ಓದಿಕೊಳ್ಳುವ ಕಡತದಲ್ಲಿ ಬ್ರೌಸರಿನ ಹೆಸರೊಂದನ್ನೇ ಬರೆದಿಟ್ಟರೆ ಸಾಕು. ಬ್ರೌಸರ್ ಮುಚ್ಚಿದೊಡನೆ ಎಕ್ಸ್ ಕೂಡ ದೀಪ ಆರಿಸಿ ಹೊರಟುಬಿಡುತ್ತದೆ. ಕಪ್ಪು ಪರದೆ ಕಂಡು ಗಾಬರಿಯಾಗಬೇಡಿ. ತೊಡಕೂ ಇದೆ. ಪರದೆ ತುಂಬಿಸು ಎಂಬ ಕೋರಿಕೆಯನ್ನು ಬ್ರೌಸರ್ ಸಲ್ಲಿಸುವುದು ಸೋದರಮಾವನಿಗೆ. ಅವನೇ ಇಲ್ಲದಾಗ ಕೇಳುವವರಿಲ್ಲ. ಹಾಗಾಗಿ ಅಗಲ, ಎತ್ತರಗಳನ್ನು ಅದೇ ಸಾಲಿನಲ್ಲಿ ನಾವೇ ಬರೆದುಕೊಡಬೇಕು. ಕಡತ ಉಳಿಸುವ ಪುಟ್ಟ ವಿಂಡೋ ಒಂದು ಮೂಲೆಯಲ್ಲಿ ತೆರೆದುಕೊಂಡರೆ ಅದನ್ನು ಹಿಡಿದೆಳೆಯಲು ಮೇಲುಗಡೆ ಶೀರ್ಷಿಕೆಯ ಪಟ್ಟಿಯೂ ಇರುವುದಿಲ್ಲ.

ಎಕ್ಸ್‌ನ ಬದಲಿಗೆಂದು 2008ರಲ್ಲಿ ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ ಆರಂಭಿಸಿದ ವೇಲ್ಯಾಂಡ್‌ನಲ್ಲಿ ಮಂಟಪವೂ ಸೋದರಮಾವನೂ ಒಂದೇ ಜೀವ. ಅಲ್ಲಿ ಒಂದೇ ಅಪ್ಲಿಕೇಶನ್ ಓಡಿಸಲೆಂದೇ ‘ಕೇಜ್’ ಎಂಬ ಪುಟ್ಟ ತಂತ್ರಾಂಶವಿದೆ.

ಕನ್ನಡ ಪುಟ ತೆರೆದಾಗ ಬರೀ ಚೌಕಗಳು ಕಂಡವೆ? ‘ಡೆಸ್ಕ್‌ಟಾಪ್ ಇಲ್ಲದ್ದಕ್ಕೇ ಹೀಗೆ’ ಎನ್ನುವವರು ತಪ್ಪದೆ ಬರುತ್ತಾರೆ. ಇಲ್ಲದಿರುವುದು ಫಾಂಟ್. ಲೋಹಿತ್ ಅಥವಾ ನೋಟೊ ಕನ್ನಡ ಹಾಕಿಕೊಳ್ಳಿ. ಒತ್ತಕ್ಷರ ಜೋಡಿಸುವ ಹಾರ್ಫ್‌ಬಜ್ ಫೈರ್‌ಫಾಕ್ಸ್‌ನ ಹೊಟ್ಟೆಯಲ್ಲೇ ಇದೆ. ಟೈಪ್ ಮಾಡಬೇಕೆಂದರೆ ಕನ್ನಡ ಗಣಕ ಪರಿಷತ್ತಿನ ‘ಕಗಪ’ ಕೀಲಿಮಣೆ ವಿನ್ಯಾಸವೂ ಎಕ್ಸ್‌ನ ಕೀಲಿಮಣೆಗಳ ಪಟ್ಟಿಯಲ್ಲಿ ಸಿಗುತ್ತದೆ.