‘ಬಸ್’ ಯಾವುದರ ಶಾರ್ಟ್‌ಫಾರ್ಮ್?

ಪ್ರಶ್ನೆ: ದಿನಾ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಓಡಾಡುವವಳು ನಾನು. ಬಸ್ ಅನ್ನೋದು ಯಾವುದಾದರೂ ಪದದ ಶಾರ್ಟ್‌ಫಾರ್ಮಾ? ಇಂಗ್ಲಿಷಲ್ಲಿ ಬಹುವಚನ ಬರೆಯುವಾಗ ನಡುವೆ ಎಸ್ ಒಂದಾ, ಎರಡಾ?

ಹೌದು, ಶಾರ್ಟ್‌ಫಾರ್ಮೇ. ಆದರೆ ವಾಟ್ಸ್ಯಾಪ್‌ನವರು ಮಾಡುವ ಹಾಗೆ ಮೂರು ಅಕ್ಷರಕ್ಕೆ ಮೂರು ಪದ ಜೋಡಿಸಿದ್ದಲ್ಲ. ಪೂರ್ತಿ ಪದ ‘ಆಮ್ನಿಬಸ್’. ಲ್ಯಾಟಿನ್‌ನಲ್ಲಿ ‘ಎಲ್ಲರಿಗೆ’ ಅಂತ ಅರ್ಥ. ನಮ್ಮ ಕಡೆ ಸ್ಟೇಜ್ ಹತ್ತಿದವರು ಮೈಕ್ ಸಿಕ್ಕಿದ ಕೂಡಲೇ ತುಳುವಿನಲ್ಲಿ ‘ಮಾತೆರೆಗ್ಲಾ ನಮಸ್ಕಾರ’ ಅಂತಾರಲ್ಲ, ಹೆಚ್ಚುಕಡಿಮೆ ಆ ‘ಮಾತೆರೆಗ್ಲಾ’ನೇ ಇದು.

ಮಜಾ ಇರುವುದು ವ್ಯಾಕರಣದಲ್ಲಿ. ‘ಎಲ್ಲ’ ಅನ್ನುವ ಅರ್ಥ ಪೂರ್ತಿ ‘ಆಮ್ನಿ’ಯಲ್ಲೇ ಇದೆ. ‘ಬಸ್’ ಬರೀ ಚತುರ್ಥಿ ವಿಭಕ್ತಿ ಪ್ರತ್ಯಯ, ಅಂದರೆ ನಮ್ಮ ‘ಗೆ’, ‘ಇಗೆ’. ಇಂಗ್ಲಿಷಿನವರು ಪದವನ್ನು ಬಿಟ್ಟು ಪ್ರತ್ಯಯವನ್ನು ಇಟ್ಟುಕೊಂಡರು! ನಾವು ಅದಕ್ಕೂ ಇನ್ನೊಂದು ‘ಇಗೆ’ ಅಂಟಿಸಿ ‘ಬಸ್ಸಿಗೆ ಲೇಟಾಯ್ತು’ ಅನ್ನುತ್ತೇವೆ, ಲೆಕ್ಕ ಹಾಕಿದರೆ ‘ಇಗೆಗೆ ಲೇಟಾಯ್ತು’ ಅಂದ ಹಾಗೆ. ಬಿಟ್ಟುಹೋದ ‘ಆಮ್ನಿ’ಯನ್ನು ಮಾರುತಿಯವರು ವ್ಯಾನಿಗೆ ಇಟ್ಟರು, ನಮ್ಮ ಬಾಯಲ್ಲಿ ಅದು ಓಮ್ನಿ.

ವಾಹನಕ್ಕೆ ಈ ಹೆಸರು ಬಂದದ್ದು ಫ್ರಾನ್ಸಿನಲ್ಲಿ, 1820ರ ದಶಕದಲ್ಲಿ. ನಾಂತ್ ಊರಿನ ಸ್ತಾನಿಸ್ಲಾ ಬೋದ್ರಿ ಎಂಬವರು ತಮ್ಮ ಸ್ನಾನಗೃಹಕ್ಕೆ ಗಿರಾಕಿಗಳನ್ನು ಕರೆತರಲು ಕುದುರೆಗಾಡಿ ಬಿಟ್ಟರಂತೆ, ಜನ ಸ್ನಾನಕ್ಕೆ ಬರದೆ ದಾರಿಯಲ್ಲೇ ಅಲ್ಲಲ್ಲಿ ಇಳಿದುಹೋಗುವುದನ್ನು ನೋಡಿ ಗಾಡಿ ಓಡಿಸುವುದನ್ನೇ ಕಸುಬು ಮಾಡಿಕೊಂಡರಂತೆ. ಗಾಡಿ ಹೊರಡುವಲ್ಲಿ ಓಮ್ನೆಸ್ ಎಂಬ ಟೋಪಿ ವ್ಯಾಪಾರಿಯ ಅಂಗಡಿ ಇತ್ತು, ಅದರ ಬೋರ್ಡಿನಿಂದಲೇ ಹೆಸರು ಬಂತು ಅಂತ ಒಂದು ಕಥೆಯೂ ಇದೆ. ಚೆಂದದ ಕಥೆ, ಆದರೆ ಕಥೆ ಅಂತಲೇ ಇಟ್ಟುಕೊಳ್ಳಿ.

1829ರಲ್ಲಿ ಜಾರ್ಜ್ ಶಿಲ್ಲಿಬೀರ್ ಲಂಡನ್ನಿನಲ್ಲಿ ಆಮ್ನಿಬಸ್ ಓಡಿಸಿದರು. ಮೂರು ಕುದುರೆ, ಪ್ಯಾಡಿಂಗ್ಟನ್‌ನಿಂದ ಬ್ಯಾಂಕ್ ಆಫ್ ಇಂಗ್ಲೆಂಡ್ ವರೆಗೆ. ನಮ್ಮ ಮಂಗಳೂರಿನ ಸಿಟಿ ಬಸ್ಸುಗಳು ‘ಸ್ಟೇಟ್‌ಬ್ಯಾಂಕ್’ ಅನ್ನುವ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತವೆ, ಅದೂ ಬ್ಯಾಂಕಿಗೇ! ಕೆಲವೇ ವರ್ಷಗಳಲ್ಲಿ ಜನರ ಬಾಯಲ್ಲಿ ಪದ ಚಿಕ್ಕದಾಯಿತು.

ಕಾನೂನಿನಲ್ಲಿ ಮಾತ್ರ ಪೂರ್ತಿ ಹೆಸರು ಉಳಿದಿದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಡ್ರೈವರ್ ಬಿಟ್ಟು ಆರಕ್ಕಿಂತ ಜಾಸ್ತಿ ಜನರನ್ನು ಸಾಗಿಸುವ ವಾಹನ ಆಮ್ನಿಬಸ್. ಕರೆಂಟಿನವರ ಬಸ್‌ಬಾರ್ (ಕರೆಂಟನ್ನು ಹಲವು ಕಡೆಗೆ ಹಂಚುವ ಲೋಹದ ಪಟ್ಟಿ), ಯುಎಸ್‌ಬಿಯ ಕೊನೆಯ ‘ಬಿ’, ಇವೂ ಇದೇ ಬಸ್ಸು. ‘ಬಸ್, ಸಾಕು’ ಅನ್ನುವ ಬಸ್ ಬೇರೆ, ಅದು ಪಾರ್ಸಿ (ಪರ್ಷಿಯನ್) ಭಾಷೆಯದ್ದು.

ಇನ್ನು ಸ್ಪೆಲ್ಲಿಂಗ್. ನಡುವೆ ಒಂದೇ ಎಸ್ ಹಾಕಿ. ಎರಡು ಎಸ್ ಇರುವ ರೂಪ ಕೆಲವು ಡಿಕ್ಷನರಿಗಳಲ್ಲಿ ಇದೆ, ತಪ್ಪೇನಲ್ಲ. ಆದರೆ ಎರಡು ಎಸ್‌ನ ‘ಬಸ್’ ಅಂದರೆ ಹಳೇ ಕಾಲದ ಇಂಗ್ಲಿಷಲ್ಲಿ ಮುತ್ತು. ಲೀವ್ ಲೆಟರಿನಲ್ಲಿ ಸುಮ್ನೆ ಯಾಕೆ ರಿಸ್ಕ್, ಅಲ್ವಾ?